ಚಿತ್ರನಕ್ಷೆ ಕೊಳ್ಳುವ ಮುನ್ನ ಅಳತೆ ಕೇಳಿ

ಅಮೆರಿಕದ ಕಲಾವಿದ ಜೋ ಮೋರಾ ಬಿಡಿಸಿದ ಕ್ಯಾಲಿಫೋರ್ನಿಯಾದ ಚಿತ್ರನಕ್ಷೆಗಳನ್ನು ಹುಡುಕುತ್ತಿರುವವರಿಗೆ ಒಂದು ಮಾತು. ಮಾಂಟೆರೆ ಪರ್ಯಾಯದ್ವೀಪ (1926), ಸ್ಯಾನ್ ಡಿಯಾಗೊ (1928), ಲಾಸ್ ಏಂಜಲೀಸ್ (1942), ಹೀಗೆ ಊರೂರಿನ ಚರಿತ್ರೆಯನ್ನು ನಗೆಚಿತ್ರಗಳಲ್ಲಿ ಹೇಳುವ ಹಾಳೆಗಳಿವು. ಇಡೀ ಕ್ಯಾಲಿಫೋರ್ನಿಯಾದ ನಕ್ಷೆಯನ್ನು ಅವರು ಎರಡು ಬಾರಿ ಮಾಡಿದ್ದಾರೆ: 1927ರಲ್ಲೊಮ್ಮೆ, 1945ರಲ್ಲೊಮ್ಮೆ. ಮಾರುವವರು ‘ಮೋರಾ ನಕ್ಷೆ’ ಎಂದಷ್ಟೇ ಹೇಳಿದರೆ ಯಾವುದೆಂದು ಬಿಡಿಸಿ ಕೇಳಿ.

ಮರುಮುದ್ರಣಗಳು ಬೇಕಾದಷ್ಟಿವೆ. ಮೊದಲು ಅಳತೆ ನೋಡಿ. ಹಳೆಯ ನಕ್ಷೆಗಳ ಭಂಡಾರವಾದ ಡೇವಿಡ್ ರಮ್ಸಿ ಸಂಗ್ರಹದ ಜಾಲತಾಣದಲ್ಲಿ ಇಂಥ ನಕ್ಷೆಗಳ ಉದ್ದ ಅಗಲವೂ ದೊಡ್ಡ ಚಿತ್ರವೂ ಉಚಿತವಾಗಿ ಸಿಗುತ್ತವೆ. ಕೈಯಲ್ಲಿರುವ ಹಾಳೆ ಅದಕ್ಕಿಂತ ಚಿಕ್ಕದಿದ್ದರೆ ಅಂಚು ಕತ್ತರಿಸಿರಬೇಕು, ಇಲ್ಲವೇ ಪ್ರತಿ ಹೊಸದಿರಬೇಕು. ಭೂತಗನ್ನಡಿಯಲ್ಲಿ ಸಣ್ಣ ಅಕ್ಷರಗಳನ್ನು ನೋಡಿ: ಇಂಕ್‌ಜೆಟ್ ಮುದ್ರಣವಾದರೆ ಅಂಚಿನಲ್ಲಿ ಬಣ್ಣದ ತುಂತುರು ಚೆಲ್ಲಿದಂತೆ ಕಾಣುತ್ತದೆ. ಆದರೆ ಸಾಲುಸಾಲಾದ ಚುಕ್ಕಿ ಕಂಡರೆ ಅವಸರದಲ್ಲಿ ನಕಲಿ ಎನ್ನಬೇಡಿ, ಆ ಕಾಲದ ಆಫ್‌ಸೆಟ್ ಮುದ್ರಣದಲ್ಲೂ ಚುಕ್ಕಿಗಳಿರುತ್ತಿದ್ದವು. ಮಡಿಕೆಯ ಗೆರೆಯೂ ದೋಷವಲ್ಲ. ನನಗಂತೂ ಮಡಿಕೆಯಿರುವ ಪ್ರತಿಯೇ ಇಷ್ಟ, ಬೆಲೆಯೂ ಕಡಿಮೆ.

ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ಹರಿದಲ್ಲಿ ಸೆಲ್ಲೋಟೇಪ್ ಬೇಡವೇ ಬೇಡ. ಅದರ ಅಂಟು ವರ್ಷಗಳಲ್ಲಿ ಹಳದಿಗಟ್ಟಿ ಕಾಗದಕ್ಕೆ ಇಳಿಯುತ್ತದೆ. ಚೌಕಟ್ಟು ಹಾಕಿಸುವಾಗ ಆಮ್ಲರಹಿತ ರಟ್ಟು ಕೇಳಿ, ಗಾಜು ಹಾಳೆಗೆ ತಾಗದಂತೆ ನಡುವೆ ಸಂದು ಬಿಡಿಸಿ. ಬಿಸಿಲು ಬೀಳುವ ಗೋಡೆಯಲ್ಲಿ ತೂಗುಹಾಕಬೇಡಿ. ಮಂಗಳೂರಿನಂಥ ಮಳೆಯೂರಿಗೆ ತರುವವರು ಹೊರಗೋಡೆಯನ್ನೂ ಬಿಟ್ಟುಬಿಡಿ, ತೇವಕ್ಕೆ ಬೂಷ್ಟು ಹಿಡಿಯುತ್ತದೆ.