ಕ್ಲಿಕ್ ಬಿಟ್ಟು ಏಕತಾರಿಯ ಹಿಂದೆ ಹೋದೆವು: ನಮ್ಮ ಮೊದಲ ನಾಲ್ಕು ಹಾಡುಗಳ ರೆಕಾರ್ಡಿಂಗ್

ಹಾಡುವವರ ಕಿವಿಗೆ ಕ್ಲಿಕ್, ಎಂದರೆ ಲಯ ತಪ್ಪದಂತೆ ಒಂದೇ ಸಮನೆ ಬಡಿಯುವ ಟಿಕ್ ಟಿಕ್ ಸದ್ದು, ಕೊಡದೆ ಬ್ಯಾಂಡ್ ರೆಕಾರ್ಡಿಂಗ್ ಆಗುವುದಿಲ್ಲ ಎಂದು ದಾವಣಗೆರೆಯಲ್ಲಿ ನನಗೆ ಹೇಳದ ಸಂಗೀತಗಾರರೇ ಇರಲಿಲ್ಲ. ನಮ್ಮ ಜಾನಪದ ರಾಕ್ ತಂಡದ ಮೊದಲ ನಾಲ್ಕು ಹಾಡುಗಳು ಈಗ ಕ್ಲಿಕ್ ಇಲ್ಲದೆಯೇ ಮುಗಿದಿವೆ. ಗಿಟಾರ್ ನುಡಿಸಿದವನೂ ರೆಕಾರ್ಡ್ ಮಾಡಿದವನೂ ನಾನೇ.

ಮೊದಲ ಪ್ರಯತ್ನ ಬೆಂಗಳೂರಿನ ಒಂದು ಸ್ಟುಡಿಯೊದಲ್ಲಿ ನಡೆಯಿತು. ಎರಡು ದಿನದ ಬಾಡಿಗೆ, ಬಸ್ಸು, ಊಟ ಎಲ್ಲ ಸೇರಿ ಇಪ್ಪತ್ತೆರಡು ಸಾವಿರದಷ್ಟು ಖರ್ಚಾಯಿತು. ನಮ್ಮೊಂದಿಗೆ ಹಾಡುವ ಹಿರಿಯರು ಜಗಳೂರು ಕಡೆಯವರು, ಏಕತಾರಿ ಮೀಟುತ್ತ ಭಜನೆಗಳಲ್ಲಿ ತತ್ವಪದ ಹಾಡಿಯೇ ಬೆಳೆದವರು. ಅವರಿಗೆ ಹೆಡ್‌ಫೋನ್ ಹಾಕಿ ನಿಮಿಷಕ್ಕೆ 90 ಪೆಟ್ಟಿನ ಕ್ಲಿಕ್ ಕೊಟ್ಟೆವು. ಮೊದಲ ನುಡಿ ಸರಿಯಾಗಿಯೇ ಬಂದಿತು. ಎರಡನೆಯದರಲ್ಲಿ, ಪದದ ಅರ್ಥ ಕೇಳುವವರ ಮನಸ್ಸಿಗೆ ಇಳಿಯಲೆಂದು ಅವರು ಯಾವಾಗಲೂ ಉಸಿರು ತಡೆದು ನಿಲ್ಲುವ ಜಾಗದಲ್ಲಿ, ನಿಲ್ಲಲಾಗದೆ ಕ್ಲಿಕ್ಕಿನ ಹಿಂದೆ ಓಡಿದರು. ಹನ್ನೊಂದು ಟೇಕ್ ಆದವು, ಒಂದೂ ಉಳಿಯಲಿಲ್ಲ. ಆ ದುಡ್ಡು ಹೋದದ್ದಕ್ಕಿಂತ ಅವರ ಮುಖ ಸಣ್ಣದಾದದ್ದು ನನಗೆ ಹೆಚ್ಚು ನೋವು ಕೊಟ್ಟಿತು.

ಊರಿಗೆ ಬಂದು ಕ್ರಮವನ್ನೇ ತಿರುಗಿಸಿದೆ. ಹಳೇ ದಾವಣಗೆರೆಯಲ್ಲಿ ಗೆಳೆಯನ ಮನೆಯ ಮಹಡಿಯ ಕೋಣೆಗೆ ಹತ್ತಿಯ ಗಾದಿಗಳನ್ನು ತೂಗುಹಾಕಿ, ರಾತ್ರಿ ಹನ್ನೊಂದರ ನಂತರ ಹಿರಿಯರು ಏಕತಾರಿ ಮತ್ತು ತಾಳದೊಂದಿಗೆ ತಮ್ಮ ಪಾಡಿಗೆ ಹಾಡಲಿ ಎಂದು ಬಿಟ್ಟೆ. ಸಾಮಗ್ರಿ ಎಂದರೆ ಒಂಬತ್ತು ಸಾವಿರಕ್ಕೆ ಸಿಕ್ಕ ಸೆಕೆಂಡ್‌ಹ್ಯಾಂಡ್ ಸ್ಕಾರ್ಲೆಟ್ ಟೂ-ಐ-ಟೂ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ), ಎರವಲು ತಂದ ಎಸ್‌ಎಂ 57 ಮೈಕು, ಮತ್ತು ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್. ಎರಡನೆಯ ಮೈಕನ್ನು ಏಕತಾರಿಯ ಬುರುಡೆಗೆ ಎಲ್ಲಿಂದ, ಯಾವ ಕೋನದಲ್ಲಿ ಹಿಡಿದೆ ಎಂಬುದನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಅದಕ್ಕೆ ಮೂರು ವಾರ ಹಿಡಿದಿದೆ.

ಶ್ರುತಿಯೇ ದೊಡ್ಡ ತೊಡಕಾಯಿತು. ಹಿರಿಯರ ಷಡ್ಜ ಕಪ್ಪು ಒಂದಕ್ಕಿಂತ, ಎಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆಗಿಂತ, ಸುಮಾರು 35 ಸೆಂಟ್ (ಅರ್ಧ ಸ್ವರದ ಮೂರನೇ ಒಂದು ಭಾಗದಷ್ಟು) ಮೇಲಿತ್ತು. ಅವರ ಧ್ವನಿಯನ್ನು ಸಾಫ್ಟ್‌ವೇರಿನಲ್ಲಿ ಇಳಿಸು ಎಂದವರೇ ಹೆಚ್ಚು. ನಾನು ಗಿಟಾರಿನ ತಂತಿಗಳನ್ನು ಡಿ-ಎ-ಡಿ-ಜಿ-ಎ-ಡಿ ಎಂದು ಕಟ್ಟುವ ಡ್ಯಾಡ್‌ಗ್ಯಾಡ್ ಶ್ರುತಿಯನ್ನು ಅರ್ಧ ಸ್ವರ ಇಳಿಸಿ, ಟ್ಯೂನರಿನ ಆಧಾರ ಕಂಪನವನ್ನು 440 ಹರ್ಟ್ಸ್ ಇಂದ 449ಕ್ಕೆ ಏರಿಸಿ ಗಿಟಾರನ್ನೇ ಅವರ ಬಳಿಗೆ ಒಯ್ದೆ. ಆ ಶ್ರುತಿಯ ತೆರೆದ ತಂತಿಗಳಲ್ಲಿ ಗಾಂಧಾರವಿಲ್ಲದಿರುವುದರಿಂದ ಅವರು ಗಾಂಧಾರವನ್ನು ಹೇಗೆ ಬಾಗಿಸಿದರೂ ನನ್ನ ತಂತಿಗಳು ಅಡ್ಡ ಬರಲಿಲ್ಲ.

ಲಯಕ್ಕಾಗಿ ರೀಪರಿನಲ್ಲಿ ತಾಳದ ಪ್ರತಿಯೊಂದು ಪೆಟ್ಟಿಗೂ ಕೈಯಿಂದಲೇ ಗುರುತು ಹಾಕಿದೆ. ನಿಮಿಷಕ್ಕೆ 84 ಪೆಟ್ಟಿನಲ್ಲಿ ಆರಂಭವಾದ ಹಾಡು 97ರ ಹತ್ತಿರ ಮುಗಿಯುತ್ತಿತ್ತು. ನಾಲ್ಕು ನಿಮಿಷಕ್ಕೆ ಮುನ್ನೂರ ಅರವತ್ತರಷ್ಟು ಗುರುತು. ಬಾಸ್ ಮತ್ತು ಡ್ರಮ್ಸ್ ನುಡಿಸುವವರು ಆ ಗುರುತುಗಳ ನಕ್ಷೆಯ ಮೇಲೆ, ಹಿರಿಯರ ಧ್ವನಿ ಕೇಳುತ್ತಲೇ ನುಡಿಸಿದರು. ಹಿರಿಯರು ಉಸಿರು ಹಿಡಿದ ಕಡೆ ಇಡೀ ಬ್ಯಾಂಡ್ ನಿಲ್ಲುತ್ತದೆ, ಮತ್ತು ಅದನ್ನು ಕೇಳಿದ ಮೇಲೆ ಕ್ಲಿಕ್ ಬೇಕೆಂದು ವಾದಿಸಿದ ಇಬ್ಬರು ನನ್ನ ಫೈಲನ್ನು ತೆರೆದು ನೋಡಲು ಮನೆಗೇ ಬಂದರು.

ಡೊಳ್ಳು ಮಾತ್ರ ತುಂಬಾ ಸತಾಯಿಸಿತು. ಹತ್ತಿರದ ಮೈಕಿನಲ್ಲಿ ಅದು ಬಾಸ್ ಗಿಟಾರನ್ನು ನುಂಗುತ್ತಿತ್ತು. ಮಂಡಕ್ಕಿ ಭಟ್ಟಿಯಿಂದ ಹನ್ನೆರಡು ಚೀಲ ಮಂಡಕ್ಕಿ ತಂದು ಮೂಲೆಗಳಲ್ಲಿ ಪೇರಿಸಿ ನೋಡಿದೆ. ಕೋಣೆಯ ಗುಂಯ್‌ಗುಡುವಿಕೆ ಹಾಗೆಯೇ ಇತ್ತು, ಮೇಲಾಗಿ ಚೀಲಗಳು ತುಸು ಜರುಗಿದರೂ ಚರಚರ ಸದ್ದು ಮೈಕಿಗೆ ಬರುತ್ತಿತ್ತು. ಕೊನೆಗೆ ಖಾಲಿ ಗೋದಾಮಿನಲ್ಲಿ ಮೈಕನ್ನು ಹತ್ತು ಅಡಿ ದೂರವಿಟ್ಟು, ಬಾಸ್‌ನ 80 ಹರ್ಟ್ಸ್‌ಗಿಂತ ಕೆಳಗಿನ ಮಂದ್ರ ಭಾಗವನ್ನು ಕತ್ತರಿಸಿ ಡೊಳ್ಳಿಗೆ ಬಿಟ್ಟುಕೊಟ್ಟೆ. ಚರ್ಮ ಸಡಿಲವಾದಾಗಲೆಲ್ಲ ಬೆಂಕಿಯ ಮುಂದೆ ಹಿಡಿಯಬೇಕಾದ್ದರಿಂದ ಆ ಒಂದು ರಾತ್ರಿಗೆ ಮೂರೇ ಟೇಕ್ ಆದವು.

ಬೆಂಗಳೂರಿನ ಖರ್ಚು ಬಿಟ್ಟರೆ ನಾಲ್ಕು ಹಾಡಿಗೆ ಮೂವತ್ತೊಂದು ಸಾವಿರ ತಗಲಿರಬಹುದು. ಅದರಲ್ಲಿ ಹಿರಿಯರಿಗೆ ಕೊಟ್ಟ ಹತ್ತು ಸಾವಿರವನ್ನು ಎಲ್ಲಕ್ಕಿಂತ ಮೊದಲು ತೆಗೆದಿರಿಸಿದ್ದೆವು. ಐದನೆಯ ಹಾಡಿಗೆ ಚಿತ್ರದುರ್ಗದ ಕಡೆಯಿಂದ ಉರುಮೆ ಎಂಬ ಚರ್ಮವಾದ್ಯದವರು ಬರುತ್ತಿದ್ದಾರೆ. ಕೋಲಿನಿಂದ ಉಜ್ಜಿದಾಗ ಅದು ಹೊರಡಿಸುವ ನಾದ ನನ್ನ ಗಿಟಾರಿನ ನಡುತಂತಿಗಳ ಜಾಗದಲ್ಲೇ ಬಂದು ಕೂರುತ್ತದೆ, ಆದ್ದರಿಂದ ಈ ಬಾರಿ ಆ ಎರಡು ತಂತಿಗಳನ್ನು ತೆಗೆದೇ ನುಡಿಸಿ ಅಭ್ಯಾಸ ಮಾಡುತ್ತಿದ್ದೇನೆ.