ನಾಯಿ ಮಲಗಿದ್ದ ಮೆಟ್ಟಿಲು

ನನಗೆ ಹನ್ನೊಂದು ವರ್ಷವಿದ್ದಾಗ ಕಾಮಾಲೆ ಬಂದಿತ್ತು. ಆಗ ಅಮ್ಮ ಒಂದು ರೂಪಾಯಿಯನ್ನು ಅರಿಶಿನದ ಬಟ್ಟೆಯಲ್ಲಿ ಗಂಟು ಕಟ್ಟಿ, ಮುಡಿಪು ಅಂತ ದೇವರ ಮುಂದೆ ಇಟ್ಟರು. ಮಗಳು ಹುಷಾರಾದರೆ ಚಾಮುಂಡಿ ಬೆಟ್ಟದ ಅಷ್ಟೂ ಮೆಟ್ಟಿಲಿಗೆ ಅರಿಶಿನ ಕುಂಕುಮ ಇಡ್ತೀನಿ ಅಂತ ಹರಕೆ. ನಾನು ಹುಷಾರಾದೆ. ಹರಕೆ ಮಾತ್ರ ಇವತ್ತು ನಾಳೆ ಅಂತ ಮುಂದಕ್ಕೇ ಹೋಯಿತು. ಅಷ್ಟರಲ್ಲಿ ಅಮ್ಮನ ಮಂಡಿ ಸವೆಯಿತು. "ನೀನೇ ತೀರಿಸ್ಬಿಡು ಕಣೇ" ಅಂದರು.

ನಿಜ ಹೇಳ್ತೀನಿ, ನನಗೆ ಅಮ್ಮನ ಹಾಗೆ ಭಕ್ತಿ ಬರುವುದಿಲ್ಲ. ಲಲಿತಾ ಸಹಸ್ರನಾಮ ಓದುತ್ತಲೇ ಕುಕ್ಕರ್ ಸೀಟಿ ಎಣಿಸುವವಳು ನಾನು. ಆದರೆ ಮೈ ಬಗ್ಗಿಸಿ ಕೆಲಸ ಮಾಡು ಅಂದರೆ ಮಾಡಿಯೇನು.

ಆಷಾಢ ಶುಕ್ರವಾರ ಬೇಡ ಅಂತ ಮೊದಲೇ ಅಂದುಕೊಂಡಿದ್ದೆ. ಆ ಜನದಲ್ಲಿ ಬಗ್ಗುವುದಕ್ಕೂ ಜಾಗ ಇರಲ್ಲ. ಜಿನುಗು ಮಳೆ ಬಿದ್ದರೆ ಕುಂಕುಮದ ಮೆಟ್ಟಿಲು ಜಾರುತ್ತದೆ ಬೇರೆ. ಚಳಿ ಕಮ್ಮಿಯಾದ ಮೇಲೆ ಒಂದು ಮಂಗಳವಾರ ಹೊರಟೆ. ಹಿಂದಿನ ದಿನ ದೇವರಾಜ ಮಾರುಕಟ್ಟೆಗೆ ಹೋಗಿ ಅರ್ಧ ಕೆಜಿ ಅರಿಶಿನ, ಕಾಲು ಕೆಜಿ ಕುಂಕುಮ ತಂದಿದ್ದೆ. ಅಂಗಡಿಯವನು ತೂಗುತ್ತಲೇ "ಮೆಟ್ಟಿಲಿಗಾ ಅಕ್ಕ?" ಅಂದ. ಒಳ್ಳೆಯ ಕುಂಕುಮ ಅಂದರೆ ಅರಿಶಿನಕ್ಕೆ ಸುಣ್ಣ ಬೆರೆಸಿ ಕೆಂಪಾಗಿಸಿದ್ದು. ಬರೀ ಬಣ್ಣದ ಪುಡಿಯಾದರೆ ಉಗುರಿನಿಂದ ವಾರವಾದರೂ ಹೋಗಲ್ಲ. ನನ್ನದು ಹೋಗಲಿಲ್ಲ.

ಬೆಳಗ್ಗೆ 5.30ಕ್ಕೆ ಬೆಟ್ಟದ ಪಾದದ ಹತ್ತಿರ ಚಪ್ಪಲಿ ಬಿಟ್ಟು ಶುರು ಮಾಡಿದೆ. ಅರಿಶಿನವನ್ನು ನೀರಿನಲ್ಲಿ ಚಟ್ನಿ ಹದಕ್ಕೆ ಕಲಸಿ ಸಣ್ಣ ಬಕೆಟ್‌ಗೆ ಹಾಕಿಕೊಂಡಿದ್ದೆ. ಮೆಟ್ಟಿಲಿಗೆ ಮೂರು ಬೊಟ್ಟು ಅರಿಶಿನ, ಅದರ ಮೇಲೆ ಕುಂಕುಮ. ಐವತ್ತು ಮೆಟ್ಟಿಲಿಗೇ ಸೊಂಟ ಬಿದ್ದುಹೋಯಿತು. ಕಾಲಡಿಯ ಮೆಟ್ಟಿಲಿಗೆ ಬಗ್ಗಿದ್ದೇ ತಪ್ಪು. ಹಿಂದೆ ಬರುತ್ತಿದ್ದ ಅಜ್ಜಿಯೊಬ್ಬರು ತೋರಿಸಿಕೊಟ್ಟರು: ಮೂರು ಮೆಟ್ಟಿಲು ಮುಂದಿನದಕ್ಕೆ ಇಡಬೇಕು. ಏರು ಜಾಸ್ತಿ ಇರುವ ಕಡೆ ಅದು ಹೆಚ್ಚುಕಮ್ಮಿ ಮಂಡಿ ಎತ್ತರಕ್ಕೆ ಬರುತ್ತದೆ. ಅರ್ಧ ಬಗ್ಗಿದರೆ ಸಾಕು.

ಮೊದಲು ಎಣಿಸುತ್ತಿದ್ದೆ. ನೂರಾ ಮೂವತ್ತರ ಹತ್ತಿರ ಲೆಕ್ಕ ತಪ್ಪಿತು. ಒಟ್ಟು ಸಾವಿರದ ಚಿಲ್ಲರೆ ಅನ್ನುತ್ತಾರೆ, ಒಬ್ಬೊಬ್ಬರ ಲೆಕ್ಕ ಒಂದೊಂದು. ಆಮೇಲೆ ಎಣಿಕೆ ಬಿಟ್ಟು ಬೊಟ್ಟಿಗೊಂದು "ತಾಯಿ" ಅನ್ನತೊಡಗಿದೆ. ಅಷ್ಟು ಹತ್ತಿರದಿಂದ ಆ ಕಲ್ಲುಗಳನ್ನು ಯಾವತ್ತೂ ನೋಡಿರಲಿಲ್ಲ. ಕೆಲವು ನಡುವೆ ತಗ್ಗಾಗಿವೆ. ನಿನ್ನೆ ಯಾರೋ ಇಟ್ಟ ಕುಂಕುಮದ ಮೇಲೆ ನನ್ನದು.

ನಂದಿಗೆ ಇನ್ನೂ ಸಾಕಷ್ಟು ದೂರವಿತ್ತು. ಒಂದು ಮೆಟ್ಟಿಲ ಮೇಲೆ ಉದ್ದಕ್ಕೆ ನಾಯಿ ಮಲಗಿತ್ತು. ಹಚಾ ಅಂದರೆ ಕಿವಿ ಮಾತ್ರ ಆಡಿಸಿತು. ಒಂದು ತಾನೇ ಅಂತ ದಾಟಿ ಹೋದೆ.

ನಂದಿಯ ಹತ್ತಿರ ಕೂತು ನೀರು ಕುಡಿದೆ. 8 ಗಂಟೆಯಾಗಿತ್ತು. ದೊಡ್ಡ ದೇವರಾಜ ಒಡೆಯರ ಕಾಲದ (1659–1673) ಒಂದೇ ಕಲ್ಲಿನ ಬಸವ. ಅಷ್ಟು ದೊಡ್ಡ ಬಸವನ ಎದುರು ಕೂತರೂ ತಲೆಯಲ್ಲಿ ಇದ್ದದ್ದು ಆ ನಾಯಿ. ಅಲ್ಲಿಂದ ಮುಂದೆ ಏರು ಕಮ್ಮಿ. ಹಾಗಾಗಿ ಅಜ್ಜಿಯ ಉಪಾಯ ನಡೆಯಲಿಲ್ಲ, ಪೂರ್ತಿ ಬಗ್ಗಲೇಬೇಕಾಯಿತು. ಮೇಲೆ ತಲುಪಿ, ಸಾಲಿನಲ್ಲಿ ನಿಂತು, ಮುಡಿಪನ್ನು ಹುಂಡಿಗೆ ಹಾಕಿದೆ. ದರ್ಶನ ಎರಡು ಕ್ಷಣ, ಅಷ್ಟೇ.

ಇಳಿಯುವಾಗ ಬಸ್ಸು ಹತ್ತುವ ಅಂದಾಜಿತ್ತು. ಅಮ್ಮನಿಗೆ ಫೋನ್ ಮಾಡಿದೆ. "ಒಂದೂ ಬಿಡಲಿಲ್ಲ ತಾನೇ?" ಅಂದರು.

"ಇಲ್ಲಮ್ಮ" ಅಂದುಬಿಟ್ಟೆ. ಫೋನಿಟ್ಟು ಮೆಟ್ಟಿಲ ಕಡೆಗೇ ತಿರುಗಿದೆ.

ನಾಯಿ ಎದ್ದು ಹೋಗಿತ್ತು. ಅಷ್ಟು ಹೊತ್ತಿಗೆ ಬೇರೆಯವರೂ ಇಟ್ಟುಕೊಂಡು ಹೋಗಿದ್ದರಿಂದ ಎಲ್ಲಾ ಮೆಟ್ಟಿಲೂ ಒಂದೇ ಥರ ಕಾಣುತ್ತಿದ್ದವು. ಯಾವುದು ಅಂತ ಗೊತ್ತಾಗಲಿಲ್ಲ. ಡಬ್ಬಿಯ ತಳ ಕೆರೆದು, ಅಂದಾಜಿನ ಮೇಲೆ ಏಳು ಮೆಟ್ಟಿಲಿಗೆ ಇಟ್ಟು ಬಂದೆ.