ಗಿಟಾರ್ ದನಿ ಮಂಕಾಗಿದ್ದು ಯಾಕೆ ಅಂತ ಕೊನೆಗೂ ಗೊತ್ತಾಯ್ತು

ತುಮಕೂರಿನ ನಮ್ಮ ಮನೆ ಮಹಡಿ ಮೇಲೆ ರಾತ್ರಿ ಹೊಳೆದ ರಾಗಗಳನ್ನ ಅಂಗೈಯಗಲದ ಮಲ್ಟಿಟ್ರ್ಯಾಕ್ ರೆಕಾರ್ಡರ್‌ನಲ್ಲಿ ಹಿಡಿದಿಡ್ತೀನಿ. ಮೊದಲ ಟ್ರ್ಯಾಕಿಗೆ ಗಿಟಾರ್, ಎರಡನೆಯದಕ್ಕೆ ಹಾಡು. ಆದರೆ ಎಲೆಕ್ಟ್ರಿಕ್ ಗಿಟಾರ್ ಮಾತ್ರ ಕಂಬಳಿ ಹೊದ್ದುಕೊಂಡ ಹಾಗೆ ಕೇಳ್ತಿತ್ತು. ತಂತಿ ಬದಲಿಸಿದೆ, ಕೇಬಲ್ ಬದಲಿಸಿದೆ. ಊಹೂಂ.

ರೆಕಾರ್ಡರ್‌ನ ಇನ್‌ಪುಟ್ 'ಲೈನ್'ಗೆ (ಕೀಬೋರ್ಡ್‌ನಂಥ ಸಾಧನಗಳಿಗಿರೋ ಸೆಟ್ಟಿಂಗ್) ಇತ್ತು! ಪ್ಯಾಸಿವ್ ಪಿಕಪ್‌ಗೆ (ತಂತಿಯ ಕಂಪನವನ್ನ ಬ್ಯಾಟರಿ ಇಲ್ಲದೆ ವಿದ್ಯುತ್ ಸಂಕೇತವಾಗಿಸೋ ಗಿಟಾರ್‌ನ ಭಾಗ) ಸುಮಾರು 1 ಮೆಗಾ ಓಮ್ ಇಂಪೀಡೆನ್ಸ್ (ಆ ಸಂಕೇತಕ್ಕೆ ಒಡ್ಡೋ ತಡೆ) ಇರೋ ಇನ್‌ಪುಟ್ ಬೇಕು. ಲೈನ್ ಇನ್‌ಪುಟ್‌ನಲ್ಲಿ ಸಾಮಾನ್ಯವಾಗಿ ಬರೀ 10-20 ಕಿಲೋ ಓಮ್. ಅಷ್ಟಕ್ಕೆ ದನಿಯ ಹೊಳಪೆಲ್ಲ ಇಂಗಿಹೋಗುತ್ತೆ. ಮೆನುವಿನಲ್ಲಿ 'ಗಿಟಾರ್' ಆರಿಸಿದೆ. ಜೋರಾಗಿ ಮೀಟಿದರೂ ರೆಕಾರ್ಡರ್‌ನ ಮೀಟರ್ ಮೈನಸ್ 12 ಡಿಬಿ (ದನಿ ಮಟ್ಟದ ಅಳತೆ) ಆಸುಪಾಸಲ್ಲೇ ನಿಲ್ಲೋ ಹಾಗೆ ಲೆವೆಲ್ ಇಳಿಸಿದೆ. ಮೊದಲ ಮೀಟಿಗೇ ತಂತಿ ಗಂಟೆ ಹೊಡೆದ ಹಾಗೆ ನುಡೀತು. ಅವತ್ತು ಬೆಳಗಿನ ಜಾವದವರೆಗೂ ನುಡಿಸ್ತಾನೇ ಇದ್ದೆ.

ಹಾಡು ಸೇರಿಸುವಾಗ ಹೆಡ್‌ಫೋನ್ ಹಾಕ್ಕೊಳ್ಳಿ. ಇಲ್ಲಾಂದ್ರೆ ಸ್ಪೀಕರ್‌ನಿಂದ ಬರೋ ಗಿಟಾರ್ ಮತ್ತೆ ಮೈಕಿಗೆ ನುಗ್ಗುತ್ತೆ.